ಕಾಫಿ ಅಂಗಡಿಯ ದಾರಿ ಕಲಿತ ಟೈರು

ನಮ್ಮೂರಿನಲ್ಲಿ ಟೈರುಗಳಿಗೆ ಮರೆವಿಲ್ಲ. ಉರುಳಿದ ದಾರಿಯೆಲ್ಲ ಅವಕ್ಕೆ ಅಷ್ಟಿಷ್ಟು ನೆನಪಿರುತ್ತದೆ. ಮೊಟ್ಟಮೊದಲು ಉರುಳಿದ ದಾರಿಯಂತೂ ಮೈಗೆ ಹತ್ತಿಬಿಡುತ್ತದೆ. ಅದಕ್ಕೇ ಇಲ್ಲಿ ಹೊಸ ಟೈರು ಕೊಂಡವರು ಅದನ್ನು ಅಂಗಡಿಯಿಂದಲೇ ಉರುಳಿಸಿಕೊಂಡು ಹೋಗುವುದಿಲ್ಲ. ಹೆಗಲ ಮೇಲೋ ಕೈಗಾಡಿಯಲ್ಲೋ ತಮ್ಮ ಬೀದಿಯವರೆಗೆ ಸಾಗಿಸಿ, ಬೀದಿಯ ತುದಿಯಲ್ಲಿ ಇಳಿಸಿ, ಅಲ್ಲಿಂದ ಮನೆಬಾಗಿಲವರೆಗೆ ಮೊದಲ ಸಲ ನೆಲ ಮುಟ್ಟಿಸುತ್ತಾರೆ. ಆಮೇಲೆ ಆ ಗಾಡಿ ಎಲ್ಲೇ ಹೋಗಲಿ, ಕೈ ಸಡಿಲ ಬಿಟ್ಟರೆ ಸಾಕು, ಮನೆಯ ಕಡೆಗೇ ಎಳೆಯುತ್ತದೆ. ಹಳೆಯ ಟೈರು ಕೊಳ್ಳುವವರು ಎಷ್ಟು ಓಡಿದೆ ಎಂದು ಕೇಳುವುದಿಲ್ಲ, ಎಲ್ಲೆಲ್ಲಿ ಓಡಿದೆ ಎಂದು ಕೇಳುತ್ತಾರೆ. ಹಾಗೆ ಕೇಳದೆ ಕೊಂಡ ಹೆಡ್‌ಮಾಸ್ಟರ್ ಒಬ್ಬರ ಸ್ಕೂಟರು, ಸಿನಿಮಾ ರೀಲು ಸಾಗಿಸುತ್ತಿದ್ದವನ ಟೈರು ಹಾಕಿಸಿಕೊಂಡ ಮೇಲೆ, ಶಾಲೆಗೆ ಹೊರಟರೂ ಟಾಕೀಸಿನ ಕಡೆಗೇ ತಿರುಗುತ್ತಿತ್ತು. ಅವರು ಕೊನೆಗೆ ಹಟ ಬಿಟ್ಟು ಆಗಾಗ ಟಿಕೆಟ್ ತೆಗೆಯಲು ಶುರುಮಾಡಿದರು. ಸೂಲಗಿತ್ತಿ ಗಂಗವ್ವನ ಸ್ಕೂಟರಿನ ಟೈರುಗಳನ್ನು ಮಾತ್ರ ಯಾರೂ ಕೊಳ್ಳುವುದಿಲ್ಲ. ಅವು ಆತುರ ಕಲಿತ ಟೈರುಗಳು, ತರಕಾರಿ ತರಲು ಹೊರಟರೂ ಓಡುತ್ತವೆ.

ನನ್ನದು ಟೈರಿನ ಅಂಗಡಿ. ಯಜಮಾನರು ಹೋದ ಮೇಲೆ ನಾನೇ ನೋಡಿಕೊಂಡು ಬಂದಿದ್ದೇನೆ. ಅಕ್ಷರ ಕಲಿತದ್ದು ರಾತ್ರಿ ಶಾಲೆಯಲ್ಲಿ, ತಲೆ ಅರ್ಧ ನೆರೆತ ಮೇಲೆ. ಟೈರಿನ ಪಕ್ಕೆಯ ಮೇಲೆ ಉಬ್ಬಾಗಿ ಬರೆದಿರುತ್ತದಲ್ಲ, ಅಗಲ ಎಷ್ಟು, ಎತ್ತರ ಎಷ್ಟು, ಒಳಗೆ ಎಷ್ಟು ಇಂಚಿನ ಚಕ್ರ ಕೂರುತ್ತದೆ ಎಂದು, ಅದನ್ನು ಬೆರಳಿನಿಂದ ಸವರಿಕೊಂಡು ಓದುವುದು ಈಗಲೂ ನನಗೆ ಇಷ್ಟ. ಅಂಗಡಿಯಲ್ಲಿ ಹೊಸ ಟೈರುಗಳೆಲ್ಲ ಗೋಡೆಯ ಗೂಟಗಳಿಗೆ ನೇತಾಡುತ್ತವೆ. ಕೂರಿಸುವ, ಬಿಚ್ಚುವ ಕೆಲಸ ದಸ್ತಗೀರನದು. ನಲವತ್ತು ದಾಟಿದ ಆಸಾಮಿ, ಬಾಯಿ ಒಂದು ಗಳಿಗೆ ಸುಮ್ಮನಿರುವುದಿಲ್ಲ.

ಊರಾಚೆ ಒಂದು ಓಟದ ದಾರಿ ಇದೆ. ದುಂಡಗಿದೆ, ಅಲ್ಲಲ್ಲಿ ನೆಗ್ಗಿದ ಹಾಗೆ ತಿರುವುಗಳಿವೆ. ಅದನ್ನು ನಾವು ಬಳೆ ಎನ್ನುತ್ತೇವೆ. ಬಳೆಯ ಮೇಲೆ ಏಳು ಗಾಡಿಗಳಿಗಷ್ಟೇ ಜಾಗ. ಯುಗಾದಿ ಕಳೆದ ಮೊದಲ ಭಾನುವಾರ ಒಂದೊಂದಾಗಿ ಏಳೂ ಓಡುತ್ತವೆ. ಗಡಿಯಾರದಂಗಡಿಯ ಸಾಲಿಗ್ರಾಮಯ್ಯ ಹೊತ್ತು ನೋಡಿ, ಎಲ್ಲರಿಗಿಂತ ಬೇಗ ಸುತ್ತಿದವರಿಂದ ಶುರುಮಾಡಿ ಹೆಸರು ಕೂಗುತ್ತಾರೆ. ಏಳನೆಯ ಹೆಸರನ್ನು ಕೂಗುವುದಿಲ್ಲ. ಕೂಗಿಸಿಕೊಳ್ಳದವರು ಗಾಡಿಯನ್ನು ಲಾರಿಗೆ ಏರಿಸಿಕೊಂಡು ಮನೆಗೆ ಹೋಗಬೇಕು, ಮತ್ತೆ ಬಳೆಗೆ ಇಳಿಯುವ ಹಾಗಿಲ್ಲ. ಕಾದು ಕುಳಿತವರಲ್ಲಿ ಒಬ್ಬರು ಆ ಜಾಗಕ್ಕೆ ಬರುತ್ತಾರೆ.

ಆ ಏಳರಲ್ಲಿ ಒಂದು ಜಾಗ ಬಹಳ ಕಾಲ ವಿರೂಪಾಕ್ಷನದಾಗಿತ್ತು. ಎರಡೇ ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು ಅವನದು. ಅವನು ಓಡಿಸುತ್ತಿದ್ದರೆ ಗಾಡಿ ನೆಲಕ್ಕೆ ಅಂಟಿಸಿದ ಹಾಗೆ ಹೋಗುತ್ತಿತ್ತು. ಹೋದ ಮಳೆಗಾಲದಲ್ಲಿ ಅವನ ಕಣ್ಣಿಗೆ ತೊಂದರೆ ಬಂತು. ಆಪರೇಷನ್ ಮಾಡಿದ ಡಾಕ್ಟರು ಪೇಪರು ಓದಬಹುದು, ಬಳೆಯ ಓಟ ಮಾತ್ರ ಇನ್ನು ಬೇಡ ಎಂದರು. ಬಳೆಯ ಕಟ್ಟಳೆ ಹೀಗಿದೆ: ಮನೆಯವರೇ ಯಾರಾದರೂ ಮುಂದುವರಿಸಬಹುದು, ಆದರೆ ಅವರು ಮೊದಲ ಓಟದಲ್ಲೇ ಕೊನೆಗೆ ಬಿದ್ದರೆ ಆ ಮನೆಗೆ ಬಳೆ ಮುಗಿಯಿತು. ವಿರೂಪಾಕ್ಷನಿಗೆ ಮಕ್ಕಳಿಲ್ಲ. ಇದ್ದದ್ದು ಒಬ್ಬಳೇ ತಂಗಿ, ದಾಕ್ಷಾಯಿಣಿ. ಟೈಲರು. ಊರಿನ ಅರ್ಧದಷ್ಟು ಹೆಂಗಸರ ರವಿಕೆ ಅವಳ ಕತ್ತರಿಯಿಂದಲೇ ಬಂದದ್ದು. ಅವಳು "ನಾನು ಓಡಿಸ್ತೀನಿ" ಅಂದಾಗ ಅಣ್ಣ ಬೇಡ ಎನ್ನಲಿಲ್ಲ, ಹೂಂ ಎಂದೂ ಹೇಳಲಿಲ್ಲ. ಗಾಡಿಯ ಕೀಲಿಕೈಯನ್ನು ಅವಳ ಹೊಲಿಗೆ ಯಂತ್ರದ ಮೇಲೆ ಇಟ್ಟು ಹೋದನಂತೆ.

ಅವಳು ನನ್ನ ಅಂಗಡಿಗೆ ಬಂದಾಗ ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು.

"ದೊಡ್ಡಮ್ಮ, ಗಾಡಿಗೆ ಚಕ್ರ ಬೇಕು. ನಾಲ್ಕೂ ಹೊಸದು, ಟೈರೂ ಹೊಸದು."

"ಇವೆಯಲ್ಲೇ ನಿಮ್ಮಣ್ಣಂದು? ಬಳೆಯ ಒಂದೊಂದು ಗುಂಡಿನೂ ಅವಕ್ಕೆ ಬಾಯಿಪಾಠ."

"ಅದೇ ಮತ್ತೆ ತೊಂದರೆ. ಅವು ಅಣ್ಣಂದು." ಸ್ಟೂಲು ಎಳೆದುಕೊಂಡು ಕೂತಳು. "ನಿನ್ನೆ ಎರಡು ಸುತ್ತು ಹೋಗಿ ಬಂದೆ. ಸ್ಟೇರಿಂಗು ನನ್ನ ಕೈಯಲ್ಲಿ ತಾನೇ ತಿರುಗುತ್ತೆ. ಸುಣ್ಣದ ಗೂಡಿನ ತಿರುವಲ್ಲಿ ನಾನು ಬ್ರೇಕ್ ಒತ್ತೋಣ ಅಂದ್ರೆ, ಇನ್ನೂ ಸ್ವಲ್ಪ ತಡಿ ಅನ್ನುತ್ತೆ. ಬೀಗರ ಮನೆಗೆ ಹೋದೋಳ ಥರ ಕೈಕಟ್ಕೊಂಡು ಕೂತಿದ್ದೆ. ಅದೂ ಅಲ್ಲದೆ ರಬ್ಬರು ಬಿರುಸಾಗಿದೆ ದೊಡ್ಡಮ್ಮ, ಉಗುರು ಊರಿದ್ರೆ ಇಳಿಯಲ್ಲ. ದಾರಿ ಗೊತ್ತಿದ್ರೇನು, ಕಾಲಲ್ಲಿ ಹಿಡಿತ ಬೇಡ್ವಾ?"

ಊರಿನಲ್ಲಿ ಈ ಮಾತು ಹಬ್ಬಿದಾಗ ಜನ ತಲೆ ತಲೆ ಚಚ್ಚಿಕೊಂಡರು. ಎಲ್ಲ ಬಲ್ಲ ಟೈರು ಬಿಟ್ಟು ಏನೂ ಅರಿಯದ ಟೈರು ಹಾಕುತ್ತಾಳಂತೆ, ಮೊದಲ ಓಟದಲ್ಲೇ ಮನೆಯ ಜಾಗ ಕಳೆಯುತ್ತಾಳೆ ಎಂದರು. ನನಗೂ ಒಳಗೊಳಗೆ ಅಳುಕಿತ್ತು. ಆದರೆ ಅವಳು ಚಕ್ರ ಆರಿಸುವುದನ್ನು ನೋಡುತ್ತಾ ನೋಡುತ್ತಾ ಆ ಅಳುಕು ಹೋಗಿ, ಕೆಲಸ ಬಿಟ್ಟು ನೋಡುತ್ತಾ ನಿಲ್ಲುವಂತಾಯಿತು.

ದಸ್ತಗೀರ ಮೊದಲು ತೋರಿಸಿದ್ದು ಅಂಗಡಿಯಲ್ಲೇ ದೊಡ್ಡದಾದ, ಥಳಥಳ ಹೊಳೆಯುವ ಚಕ್ರ.

"ಇದನ್ನ ನೋಡಿ ಟೈಲರಮ್ಮ, ಹದಿನೆಂಟು ಇಂಚು. ಗಾಡಿ ನಿಂತಿದ್ರೂ ಓಡ್ತಿದೆ ಅನ್ಸುತ್ತೆ."

"ನನಗೆ ಓಡುವಾಗ ಓಡಿದ್ರೆ ಸಾಕು ದಸ್ತಗೀರಣ್ಣ."

ಅವಳು ಒಂದೊಂದು ಚಕ್ರವನ್ನೂ ಎರಡು ಕೈಯಲ್ಲಿ ಎತ್ತಿ, ಬಟ್ಟೆಯ ತೂಕ ನೋಡುವ ಹಾಗೆ ಮೇಲೆ ಕೆಳಗೆ ಆಡಿಸಿ ನೋಡಿದಳು. ಹೊಳೆಯುವುದನ್ನು ಇಳಿಸಿ ಗೋಡೆಗೆ ಒರಗಿಸಿದಳು. ಕೊನೆಗೆ ಅವಳ ಕೈ ನಿಂತದ್ದು ಹದಿನೈದು ಇಂಚಿನ, ಮಾಸಲು ಬೂದುಬಣ್ಣದ ಚಕ್ರದ ಮೇಲೆ. ಅದು ಎಷ್ಟು ಹಗುರವೆಂದರೆ ನಾನೂ ಎತ್ತಬಲ್ಲೆ. ಚಕ್ರದ ಭಾರ ಕಡಿಮೆಯಾದಷ್ಟೂ ಗುಂಡಿಯಲ್ಲಿ ಟೈರು ಬೇಗ ನೆಲಕ್ಕೆ ಮರಳುತ್ತದೆ, ಬ್ರೇಕಿಗೂ ಎಂಜಿನ್ನಿಗೂ ದುಡಿಮೆ ತಗ್ಗುತ್ತದೆ ಎಂದಳು. ಒಟ್ಟು ಸುತ್ತಳತೆ ಸ್ವಲ್ಪ ಚಿಕ್ಕದಾದರೆ ಗಾಡಿಯೂ ನೆಲಕ್ಕೆ ಹತ್ತಿರವಾಗುತ್ತದೆ, ತಿರುವಿನಿಂದ ಹೊರಬರುವಾಗ ಗೇರೂ ಚುರುಕಾಗುತ್ತದೆ. ಮೇಲೆ ಹಾಕುವ ಟೈರು ತೀರ ಅಗಲ ಬೇಡ ಎಂದದ್ದೂ ಅವಳೇ.

"ಅಗಲ ಇದ್ದಷ್ಟೂ ಹಿಡಿತ ಅಂತಾರಲ್ಲೇ?" ಎಂದೆ.

"ಬಿಸಿ ಆದ್ರೆ ತಾನೇ ಹಿಡಿತ? ನಮ್ಮ ಗಾಡಿ ಹಗುರ, ಗುಬ್ಬಿ ಇದ್ದ ಹಾಗೆ. ಗುಬ್ಬಿಗೆ ಜಮಖಾನ ಹೊಲಿದು ಹೊದಿಸಿದ್ರೆ ಹಾರಲ್ಲ. ಗಿರಣಿ ತ್ರ್ಯಂಬಕನ ಗಾಡಿಗೆ ಅಗಲ ಬೇಕು ಬಿಡಿ, ಅದು ಆನೆ."

ತ್ರ್ಯಂಬಕ ಅಂದರೆ ಅಕ್ಕಿ ಗಿರಣಿಯವನು, ಆ ಏಳು ಮಂದಿಯಲ್ಲಿ ಎಲ್ಲರಿಗಿಂತ ವೇಗದವನು, ಗೇಲಿ ಮಾಡುವುದರಲ್ಲೂ ಮೊದಲನೆಯವನು.

ಅವಳ ಇನ್ನೊಂದು ಹಟ ನನಗೆ ಹೊಸದಾಗಿತ್ತು. ಬಳೆಯವರೆಲ್ಲ ಹಿಂದಿನ ಚಕ್ರ ಅಗಲ, ಮುಂದಿನದು ಕಿರಿದು ಹಾಕಿಸುತ್ತಾರೆ. ವಿರೂಪಾಕ್ಷನವೂ ಹಾಗೆಯೇ ಇದ್ದವು. ನೋಡಲು ಚೆಂದ. ದಾಕ್ಷಾಯಿಣಿ ಮಾತ್ರ ನಾಲ್ಕೂ ಒಂದೇ ಅಳತೆಯದು ಬೇಕೆಂದಳು. ಟೈರಿನ ಮೇಲಿನ ಕೊರೆತವೂ ಯಾವ ಕಡೆಗಾದರೂ ಹಾಕಬಹುದಾದಂಥದ್ದೇ ಇರಬೇಕು. ಬಳೆಯಲ್ಲಿ ಬಲಕ್ಕೇ ತಿರುಗಿ ತಿರುಗಿ ಎಡಗಡೆಯ ಮುಂದಿನ ಟೈರು ಎಲ್ಲರ ಪಾಲಿನ ಕೆಲಸ ಮಾಡಿ ಸವೆಯುತ್ತದೆ, ಬಲಗಡೆಯ ಹಿಂದಿನದು ಕೂತು ತಿನ್ನುತ್ತದೆ. ನಾಲ್ಕೂ ಒಂದೇ ಇದ್ದರೆ ಜಾಗ ಬದಲಿಸುತ್ತಾ ಹೋಗಬಹುದು. "ಒಂದೇ ಸೊಸೆ ಕೈಲಿ ಮನೆಗೆಲಸವೆಲ್ಲ ಮಾಡಿಸಬಾರದು ದೊಡ್ಡಮ್ಮ, ಸರದಿ ಇರಬೇಕು" ಎಂದು ನಕ್ಕಳು.

ಆಮೇಲೆ ಗಾಡಿಯನ್ನು ಜಾಕಿಗೆ ಏರಿಸಿ ಅಳತೆ ನೋಡುವ ಕೆಲಸ. ಚಕ್ರವನ್ನು ಗಾಡಿಗೆ ಬಿಗಿಯುವ ಮುಖ ಇರುತ್ತದಲ್ಲ, ಅದು ಚಕ್ರದ ನಟ್ಟನಡುವಿನಿಂದ ಎಷ್ಟು ಆಚೀಚೆ ಇದೆ ಎನ್ನುವುದಕ್ಕೆ ಆಫ್‌ಸೆಟ್ ಎನ್ನುತ್ತಾರೆ. ಅದು ಹೆಚ್ಚಾದರೆ ಚಕ್ರ ಒಳಕ್ಕೆ ಸೇರಿ ಸ್ಪ್ರಿಂಗಿಗೆ ತಾಗುತ್ತದೆ, ಕಡಿಮೆಯಾದರೆ ಹೊರಕ್ಕೆ ಬಂದು ಮಡ್ಗಾರ್ಡಿಗೆ ಉಜ್ಜುತ್ತದೆ. ಚಕ್ರ ಚಿಕ್ಕದಾದ್ದರಿಂದ ಒಳಗಿನ ಬ್ರೇಕಿನ ಗಡ್ಡೆಗೆ ತಾಗುವ ಭಯ ಬೇರೆ. ಅವಳು ಸುತ್ತ ನೋಡಿ, "ದೊಡ್ಡಮ್ಮ, ಊಟ ಆಯ್ತಾ? ಮುದ್ದೆ ಉಳಿದಿದ್ಯಾ?" ಎಂದು ಕೇಳಿದಳು. ಹಸಿದಿದ್ದಾಳೇನೋ ಎಂದು ಡಬ್ಬಿ ಕೊಟ್ಟೆ. ಅವಳು ರಾಗಿಮುದ್ದೆಯನ್ನು ಚಿವುಟಿ ಗೋಲಿಯಷ್ಟು ಗೋಲಿಯಷ್ಟು ಉಂಡೆ ಮಾಡಿ ಬ್ರೇಕಿನ ಮೇಲೆ ಅಲ್ಲಲ್ಲಿ ಅಂಟಿಸಿದಳು, ಬರೀ ಚಕ್ರವನ್ನು ಕೂರಿಸಿ ಕೈಯಿಂದ ಮೆಲ್ಲಗೆ ಒಂದು ಸುತ್ತು ತಿರುಗಿಸಿದಳು, ಬಿಚ್ಚಿದಳು. ಉಂಡೆಗಳು ಚಪ್ಪಟೆಯಾಗಿದ್ದವು, ಆದರೆ ಹರಿದಿರಲಿಲ್ಲ. ಉಳಿದ ದಪ್ಪವೇ ನಡುವೆ ಇರುವ ಸಂದು.

"ಬ್ರೇಕಿಗೆ ಮುದ್ದೆ ಉಣ್ಣಿಸಿದ್ದು ನಾನು ಇದೇ ಮೊದಲು ನೋಡಿದ್ದು. ಸಾರು ಬೇಡ್ವಾ?" ಎಂದ ದಸ್ತಗೀರ.

"ಅದಕ್ಕೆ ಎಣ್ಣೆ ಇದೆಯಲ್ಲಣ್ಣ."

ಮಡ್ಗಾರ್ಡಿನ ಒಳಗಿನ ಜಾಗಕ್ಕೆ ಅವಳು ಕಂಕುಳು ಎನ್ನುತ್ತಿದ್ದಳು. ನಿಂತ ಗಾಡಿಯಲ್ಲಿ ಚಕ್ರ ಅಲ್ಲಿ ಸರಿಯಾಗಿ ಕೂತಿತ್ತು. ಸಾಕಲ್ಲ ಎಂದು ದಸ್ತಗೀರ ಬಟ್ಟೆಯಲ್ಲಿ ಕೈ ಒರೆಸಿಕೊಂಡ. ಅವಳು ಬಿಡಲಿಲ್ಲ. "ಸುಮ್ಮನೆ ನಿಂತಾಗ ಯಾವ ರವಿಕೆನೂ ಚೆನ್ನಾಗೇ ಇರುತ್ತೆ. ಕೈ ಎತ್ತಿ ಅಟ್ಟದ ಮೇಲಿನ ಡಬ್ಬ ತೆಗೆಯುವಾಗ ಕಂಕುಳಲ್ಲಿ ಹಿಡಿಯಬಾರದು" ಎಂದು ಸ್ಪ್ರಿಂಗ್ ಬಿಚ್ಚಿಸಿದಳು. ಚಕ್ರವನ್ನು ಕೆಳಗಿನಿಂದ ಇನ್ನೊಂದು ಜಾಕಿನಲ್ಲಿ ಮೇಲಕ್ಕೆ ತಳ್ಳಿಸಿ, ಜೋರು ತಿರುವಿನಲ್ಲಿ ಗಾಡಿ ಒಂದು ಕಡೆಗೆ ಒರಗಿದಾಗ ಚಕ್ರ ಎಲ್ಲಿಗೆ ಬರುತ್ತದೋ ಅಲ್ಲಿಗೆ ತಂದು, ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ ನೋಡಿದಳು. ಕಿರುಬೆರಳು ಹೋಗುವಷ್ಟು ಜಾಗ ಉಳಿಯಿತು. ಚಕ್ರದ ತಲೆಯನ್ನು ಒಂದಿಷ್ಟು ಒಳಕ್ಕೆ ವಾಲಿಸಿ ಕಟ್ಟಿಸಿದಳು, ಗಾಡಿ ಒರಗಿದಾಗ ಟೈರು ಪೂರ್ತಿ ಅಂಗಾಲು ಊರಲಿ ಎಂದು. ನನ್ನ ಅಂಗಡಿಯಲ್ಲಿ ಕೂತು ಇಷ್ಟು ವರ್ಷ ಟೈರು ಮಾರಿದ್ದೇನೆ, ಗಾಡಿಯ ಮೈಗೆ ಇಷ್ಟು ಮರ್ಯಾದೆ ಕೊಟ್ಟು ಅಳತೆ ತೆಗೆದವರನ್ನು ನೋಡಿರಲಿಲ್ಲ.

ವಿರೂಪಾಕ್ಷ ಮಾತ್ರ ಬೀದಿಯಲ್ಲಿ ಸಿಕ್ಕಾಗಲೆಲ್ಲ, "ಏನಕ್ಕಾ, ಆಟದ ಸಾಮಾನಿನ ಚಕ್ರ ಬಂತಾ?" ಎಂದು ಕೇಳುತ್ತಿದ್ದ. ಮನೆಯಲ್ಲೂ ಅದೇ ಮಾತು ಎಂದು ಅವಳು ಹೇಳಿದ್ದಳು. ಹೇಳಿದ್ದು ನಗುತ್ತಲೇ, ಆದರೆ ಟೇಪನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿ ಮಾಡಿಕೊಳ್ಳುತ್ತಿದ್ದಳು.

ಮೆತ್ತನೆಯ ರಬ್ಬರಿನ ಟೈರುಗಳು ದೂರದಿಂದ ಬರಬೇಕಿತ್ತು. ಬಂದಾಗ ಯುಗಾದಿ ಹತ್ತಿರವಾಗಿತ್ತು. ದಸ್ತಗೀರ ಅವನ್ನು ಚಕ್ರಕ್ಕೆ ಕೂರಿಸಿ ಗೂಟಕ್ಕೆ ನೇತುಹಾಕಿದ. ಮರುದಿನ ಬೆಳಿಗ್ಗೆ ಕೈಗಾಡಿಯಲ್ಲಿ ಬಳೆಗೆ ಸಾಗಿಸಿ ಅಲ್ಲೇ ಗಾಡಿಗೆ ಹಾಕಿ, ಅಲ್ಲೇ ಮೊದಲ ಸಲ ನೆಲ ಮುಟ್ಟಿಸುವುದು ಎಂದಾಗಿತ್ತು. ಅಂದು ಸಂಜೆ ವಿರೂಪಾಕ್ಷ ಬಂದ. ನಾಲ್ಕನ್ನೂ ಹತ್ತಿರದಿಂದ ನೋಡಿದ, ಮೂಸಿದ, ಉಗುರು ಊರಿದ. ಒಂದನ್ನು ಗೂಟದಿಂದ ಇಳಿಸಿ ಹೆಗಲಿಗೆ ಹಾಕಿಕೊಂಡು, "ಎದುರುಗಡೆ ತೋರಿಸಿ ತರ್ತೀನಿ ಅಕ್ಕ" ಎಂದ.

"ನೆಲ ಮುಟ್ಟಿಸಬೇಡ್ವಪ್ಪ."

"ನನಗೇ ಹೇಳ್ತೀಯಲ್ಲ!"

ನನ್ನ ಅಂಗಡಿಯ ಎದುರಿಗೇ ಮಾಲಿಂಗನ ಕಾಫಿ ಅಂಗಡಿ. ಬಳೆಯವರೆಲ್ಲ ಸಂಜೆ ಅಲ್ಲೇ ಬೆಂಚಿನ ಮೇಲೆ ಕೂತಿರುತ್ತಾರೆ. ವಿರೂಪಾಕ್ಷ ರಸ್ತೆ ದಾಟಿ ಅವರ ಮುಂದೆ ನಿಂತದ್ದೇ ತಡ, ತ್ರ್ಯಂಬಕ ಲೋಟ ಕೆಳಗಿಟ್ಟ.

"ಏನ್ ವಿರೂಪಣ್ಣ, ಕೋಡುಬಳೆ ತಂದಿದೀಯ? ಕಾಫಿ ಜೊತೆ ಚೆನ್ನಾಗಿರುತ್ತೆ, ಮುರಿದು ಕೊಡು ಎಲ್ಲರಿಗೂ."

ಬೆಂಚೆಲ್ಲ ನಕ್ಕಿತು. ವಿರೂಪಾಕ್ಷನೂ ಜೊತೆಗೆ ನಗುತ್ತಾನೆ ಎಂದುಕೊಂಡೆ. ಅವನ ಮುಖ ಕೆಂಪಾಯಿತು.

"ನಿಮಗೇನ್ರೋ ಗೊತ್ತು ಹಗುರ ಅಂದ್ರೆ? ನನ್ನ ತಂಗಿ ನೂಲು ಹಿಡಿದು ಅಳೆದು ಆರಿಸಿರೋದು ಇದು. ನಾನು ಇಷ್ಟು ವರ್ಷ ಓಡಿಸಿದೆ, ಒಂದು ದಿನ ಹಾಗೆ ಕೂತು ಯೋಚನೆ ಮಾಡಲಿಲ್ಲ. ಬೆರಳಲ್ಲಿ ತಳ್ಳಿದ್ರೆ ಹೆಂಗೆ ಹೋಗುತ್ತೆ ನೋಡ್ರಿ!"

ಎಂದವನೇ ಹೆಗಲಿನಿಂದ ಇಳಿಸಿ, ಒಂದು ಬೆರಳಿನಿಂದ ತಳ್ಳಿಯೇಬಿಟ್ಟ. ಟೈರು ಕಾಫಿ ಅಂಗಡಿಯ ಅಂಗಳದುದ್ದಕ್ಕೂ ಗೆರೆ ಎಳೆದ ಹಾಗೆ ನೆಟ್ಟಗೆ ಉರುಳಿ, ಬೆಂಚಿನ ಪಕ್ಕದಲ್ಲಿ ಹಾದು, ಕಾಫಿಯ ಬಾಯ್ಲರ್ ಇಟ್ಟ ಕಟ್ಟೆಗೆ ಹೋಗಿ ಒರಗಿ ನಿಂತಿತು. ನಿಜಕ್ಕೂ ಬಹಳ ಚೆನ್ನಾಗಿ ಉರುಳಿತು.

ಮಾಲಿಂಗ ಕೈಯಲ್ಲಿ ಲೋಟ ಹಿಡಿದುಕೊಂಡೇ, "ಅಯ್ಯೋ ಸ್ವಾಮಿ, ನನ್ನ ಅಂಗಡಿಗೆ ಕಲಿಸಿಬಿಟ್ರಲ್ಲ!" ಎಂದ. ತ್ರ್ಯಂಬಕನೂ ನಗಲಿಲ್ಲ. ಎದ್ದು ಬಂದು ಟೈರನ್ನು ಎತ್ತಿ ತಾನೇ ರಸ್ತೆ ದಾಟಿಸಿ ನನ್ನ ಗೂಟಕ್ಕೆ ಹಾಕಿಹೋದ. ಆದರೆ ಆಗುವುದು ಆಗಿಹೋಗಿತ್ತು. ಬೇರೆ ಟೈರು ತರಿಸೋಣವೆಂದರೆ ಮುಂದಿನ ಲಾರಿ ಬರುವುದು ಓಟ ಮುಗಿದ ಮೇಲೆ.

ಸುದ್ದಿ ಕೇಳಿ ದಾಕ್ಷಾಯಿಣಿ ಬಂದಾಗ ಅಣ್ಣ ನನ್ನ ಅಂಗಡಿಯ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತಿದ್ದ. "ಉರುಳಿಸಿಬಿಟ್ಟೆ ಕಣೆ" ಎಂದ, ಅಷ್ಟೇ. ಯಾಕೆ ಎಂದು ಹೇಳಲಿಲ್ಲ. ಆಮೇಲೆ ತಲೆ ಎತ್ತಿ, "ನನ್ನವು ನಾಲ್ಕೂ ಹಾಕ್ಕೊಂಡುಬಿಡು. ಒಂದು ಓಟಕ್ಕೆ ಸಾಕಾಗುತ್ತೆ. ಅವೇ ಸುತ್ತಿಸಿಕೊಂಡು ಬರ್ತವೆ, ಜಾಗ ಉಳಿಯುತ್ತೆ" ಎಂದ.

"ಜಾಗ ಉಳಿಯುತ್ತೆ ಅಣ್ಣ. ಯಾರದು ಉಳಿಯುತ್ತೆ?"

ಅವನು ಎದ್ದು ಹೋದ. ಅವಳ ಕಣ್ಣಲ್ಲಿ ನೀರಿತ್ತು, ಸಿಟ್ಟಿನದು. "ಬೇಕೂಂತಲೇ ಮಾಡಿದನಾ ದೊಡ್ಡಮ್ಮ? ನನ್ನ ಚಕ್ರ ಅವನಿಗೆ ಮೊದಲಿಂದಲೂ ನಗೆಪಾಟಲು" ಎಂದಳು. ಆಗ ನಾನು ಎದುರಿನ ಅಂಗಳದಿಂದ ಕಿವಿಗೆ ಬಿದ್ದದ್ದನ್ನು ಹೇಳಿದೆ, ನೂಲು ಹಿಡಿದು ಅಳೆದದ್ದು ಎಂದದ್ದನ್ನೂ, ಒಂದು ದಿನ ಹಾಗೆ ಯೋಚನೆ ಮಾಡಲಿಲ್ಲ ಎಂದದ್ದನ್ನೂ. ಅವಳು ಮತ್ತೊಮ್ಮೆ ಹೇಳಿ ಎಂದಳು. ಮತ್ತೊಮ್ಮೆ ಹೇಳಿದೆ. "ಎಲ್ಲರ ಎದುರಿಗಾ?" ಎಂದು ಕೇಳಿದಳು. "ತ್ರ್ಯಂಬಕನ ಎದುರಿಗೇ" ಎಂದೆ. ಮೂಗು ಒರೆಸಿಕೊಂಡು, "ಹುಚ್ಚಪ್ಪ" ಎಂದಳು. ಆಮೇಲೆ ಕಾಫಿ ಟೈರನ್ನು ಮಡಿಲ ಮೇಲೆ ಇಟ್ಟುಕೊಂಡು ಬೆರಳಿನಿಂದ ಅದರ ಮೈ ಸವರುತ್ತಾ ಬಹಳ ಹೊತ್ತು ಕೂತಿದ್ದಳು.

ಬೆಳಿಗ್ಗೆ ಬಳೆಯಲ್ಲಿ ದಸ್ತಗೀರ ಮೂರು ಟೈರು ಹಾಕಿ, ನಾಲ್ಕನೆಯದನ್ನು ಬಲಗಡೆ ಹಿಂದಕ್ಕೆ ತೆಗೆದುಕೊಂಡು ಹೋದ. ಕೆಲಸವಿಲ್ಲದ ಮೂಲೆ, ಅಲ್ಲಿದ್ದರೆ ಅದರ ಉಪದ್ರವ ಕಡಿಮೆ ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು.

"ಅಲ್ಲಲ್ಲ ದಸ್ತಗೀರಣ್ಣ. ಎಡಗಡೆ ಮುಂದಕ್ಕೆ ಹಾಕು."

"ಟೈಲರಮ್ಮ, ಅದು ಗಾಡಿಯ ಕೊರಳು! ಅಲ್ಲಿ ಕೂತು ಕಾಫಿ ಕಾಫಿ ಅಂತ ಎಳೆದ್ರೆ?"

"ಕೆಲಸ ಇಲ್ಲದವನಿಗೆ ತಾನೇ ಕಾಫಿ ನೆನಪಾಗೋದು? ಮೂಲೆಯಲ್ಲಿ ಕೂರಿಸಿದ್ರೆ ಇಡೀ ದಿನ ಅದೇ ಧ್ಯಾನ. ಎಲ್ಲರಿಗಿಂತ ಹೆಚ್ಚು ಕೆಲಸ ಇರೋ ಕಡೆ ಹಾಕು. ನೆನಪು ಇರೋದು ಮೇಲಿನ ಚರ್ಮದಲ್ಲಿ, ನಿನ್ನೆ ಮುಟ್ಟಿ ಮುಟ್ಟಿ ನೋಡಿದೆ. ಬಿಸಿಯಾಗಿ ಸವೆದು ಹೋಗಲಿ. ಆಮೇಲೆ ನೋಡೋಣ ಎಷ್ಟು ಉಳಿಯುತ್ತೆ ಅಂತ."

ಮೊದಲ ದಾರಿ ಅಳಿಸಿಹೋಗುತ್ತದೆ ಎಂದು ನಮ್ಮೂರಿನಲ್ಲಿ ಯಾರೂ ಹೇಳಿದ್ದಿಲ್ಲ. ಅಳಿಸಿ ನೋಡಿದವರೂ ಇರಲಿಲ್ಲ ಅನ್ನಿ. ಹಿಂದೊಂದು ಮುಂದೊಂದು ಅಳತೆ ಹಾಕಿಸಿಕೊಂಡವರಿಗೆ ಹೀಗೆ ಎಲ್ಲಿ ಬೇಕೋ ಅಲ್ಲಿ ಕೂರಿಸುವುದು ಆಗುವ ಮಾತೂ ಅಲ್ಲ. ಅವಳು ನಾಲ್ಕೂ ಒಂದೇ ಅಳತೆ ಎಂದು ಹಟ ಹಿಡಿದದ್ದಕ್ಕೆ ಅಂದು ನಾನು ಮನಸ್ಸಿನಲ್ಲೇ ಕೈ ಮುಗಿದೆ.

ಮೊದಲ ದಿನ ನೋಡಲಾಗುತ್ತಿರಲಿಲ್ಲ. ಊರಿಗೆ ಬೆನ್ನು ಮಾಡಿ ಹೋಗುವ ನೇರ ದಾರಿಯಲ್ಲಿ ಗಾಡಿ, ಶಾಲೆಗೆ ಎಳೆದೊಯ್ಯುವ ಮಗುವಿನ ಹಾಗೆ ಹಿಂದೆ ಹಿಂದೆ ತಿರುಗುತ್ತಿತ್ತು. ಅವಳು ತೋಳು ಸೋಲುವವರೆಗೆ ಹಿಡಿದು ತಿದ್ದುತ್ತಿದ್ದಳು. ತಂತಿ ಬೇಲಿಯ ಆಚೆ ಬಳೆಯವರು ನಿಂತು ನೋಡುತ್ತಿದ್ದರು. ಯಾರೂ ಗೇಲಿ ಮಾಡಲಿಲ್ಲ. ಎರಡನೆಯ ದಿನ ಸಂಜೆ ಅವಳು ಗಾಡಿಯಿಂದ ಇಳಿದವಳು ಕುತ್ತಿಗೆ ಒತ್ತಿಕೊಳ್ಳುತ್ತಾ, "ದೊಡ್ಡಮ್ಮ, ಒಂದು ವಿಷಯ ಗೊತ್ತಾಯ್ತು. ಇದು ಯಾವಾಗ ಎಳೆಯುತ್ತೆ, ಎಷ್ಟು ಎಳೆಯುತ್ತೆ ಅಂತ ನನಗೆ ಮೊದಲೇ ಗೊತ್ತಿರುತ್ತೆ. ಅಣ್ಣನ ಟೈರಲ್ಲಿ ಅದು ಗೊತ್ತಾಗ್ತಾ ಇರಲಿಲ್ಲ. ಗೊತ್ತಿರೋ ಹಟಮಾರಿ ಜೊತೆ ಸಂಸಾರ ಮಾಡಬಹುದು" ಎಂದಳು. ಆಮೇಲಾಮೇಲೆ ಟೈರು ಸವೆಯುತ್ತಾ ಬಂತು, ಎಳೆತವೂ ತಗ್ಗುತ್ತಾ ಬಂತು. ಪೂರ್ತಿ ಹೋಗಲಿಲ್ಲ. ಸುಣ್ಣದ ಗೂಡಿನ ತಿರುವು ಊರಿನ ಕಡೆಗೇ ಬಾಗುತ್ತದೆ. ಉದ್ದನೆಯ, ಮುಗಿಯದ ತಿರುವು ಅದು, ಅಲ್ಲಿ ಎಲ್ಲರ ಗಾಡಿಯ ಮೂತಿಯೂ ಹೊರಕ್ಕೆ ಜಾರುತ್ತದೆ. ಅವಳ ಗಾಡಿಯ ಮೂತಿಯನ್ನು ಮಾತ್ರ ಆ ಟೈರು ಒಳಕ್ಕೆ, ಕಾಫಿಯ ಕಡೆಗೆ ಹಿಡಿದಿರುತ್ತಿತ್ತು. ಅವಳು ಅಲ್ಲಿ ಅದರ ಹಟಕ್ಕೆ ಒಪ್ಪಿಕೊಳ್ಳುವುದನ್ನು ಕಲಿತಳು, ಉಳಿದ ಕಡೆ ಒಪ್ಪದಿರುವುದನ್ನೂ.

ಓಟದ ದಿನ ಬೇಲಿಯುದ್ದಕ್ಕೂ ಊರು ನಿಂತಿತ್ತು. ತ್ರ್ಯಂಬಕನ ಆನೆ ಘೀಳಿಡುತ್ತಾ ಹೋಗಿ ಬಂತು. ಫೋಟೋ ಸ್ಟುಡಿಯೋದ ಶೇಷಾದ್ರಿಯವರು ಹೋದರು, ಇನ್ನೂ ಕೆಲವರು ಹೋದರು. ದಾಕ್ಷಾಯಿಣಿಯ ಸರದಿ ಬಂದಾಗ ವಿರೂಪಾಕ್ಷ ನನ್ನ ಪಕ್ಕದಲ್ಲಿ ಬಂದು ನಿಂತ. ಅವನಿಗೆ ಅಷ್ಟು ದೂರ ಸರಿಯಾಗಿ ಕಾಣುವುದಿಲ್ಲ. ಕಣ್ಣು ಮುಚ್ಚಿಕೊಂಡು ಶಬ್ದ ಕೇಳುತ್ತಿದ್ದ. ಹುಣಸೆಮರದ ತಿರುವಿನಲ್ಲಿ, ಊರಿನಿಂದ ದೂರ ಸರಿಯುವ ಕಡೆ, ಗಾಡಿ ಒಂದು ಕ್ಷಣ ಅಡ್ಡ ಹೋಯಿತು. "ಹಿಡಿದಳು" ಎಂದ ವಿರೂಪಾಕ್ಷ, ಕಣ್ಣು ತೆರೆಯದೆ. ಮುಂದೆ ಸುಣ್ಣದ ಗೂಡು. ಅಲ್ಲಿ ಎಲ್ಲರೂ ಎಂಜಿನ್ನಿನ ಸದ್ದು ಇಳಿಸುತ್ತಾರೆ, ವಿರೂಪಾಕ್ಷನೂ ಇಳಿಸುತ್ತಿದ್ದ. ಅವಳದು ಇಳಿಯಲಿಲ್ಲ. ಒಂದೇ ಶ್ರುತಿಯಲ್ಲಿ, ತಿರುವಿನ ಒಳಬದಿಗೆ ಹೊಲಿಗೆ ಹಾಕಿದ ಹಾಗೆ ಗಾಡಿ ಸಾಗಿ, ನೇರ ದಾರಿಗೆ ಬಿದ್ದು ನಮ್ಮ ಮುಂದೆ ಹಾದುಹೋಯಿತು. ವಿರೂಪಾಕ್ಷ ಬೇಲಿಯ ತಂತಿ ಹಿಡಿದಿದ್ದ ಕೈ ಬಿಟ್ಟಿದ್ದು ಆಮೇಲೆ.

ಎಲ್ಲರೂ ಮುಗಿಸಿದ ಮೇಲೆ ಸಾಲಿಗ್ರಾಮಯ್ಯ ಮೇಜಿನ ಹಿಂದೆ ಎದ್ದು ನಿಂತು ಕನ್ನಡಕ ಸರಿಮಾಡಿಕೊಂಡರು. ಮೊದಲ ಹೆಸರು ತ್ರ್ಯಂಬಕನದು, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಎರಡನೆಯದು ಕೂಗಿದರು. ಮೂರನೆಯದು ಕೂಗಿದರು. ನಾಲ್ಕನೆಯದೂ ಅವಳದಲ್ಲ. ಅವಳು ಹೆಲ್ಮೆಟನ್ನು ಹೊಟ್ಟೆಗೆ ಅವುಚಿಕೊಂಡು ನೆಲ ನೋಡುತ್ತಿದ್ದಳು. ಅವರು ಒಮ್ಮೆ ಕೆಮ್ಮಿ, "ಟೈಲರ್ ದಾಕ್ಷಾಯಿಣಿ" ಎಂದರು. ವಿರೂಪಾಕ್ಷನ ತಂಗಿ ಎನ್ನಲಿಲ್ಲ. ದಸ್ತಗೀರ ಹಾಕಿದ ಸಿಳ್ಳೆಗೆ ಆರನೆಯ ಹೆಸರು ಯಾರಿಗೂ ಕೇಳಿಸಲೇ ಇಲ್ಲ, ಮತ್ತೆ ಕೂಗಬೇಕಾಯಿತು. ಹೆಸರು ಬಾರದೆ ಉಳಿದವರು ಶೇಷಾದ್ರಿಯವರು. ಬಂದು ಅವಳ ತಲೆ ಸವರಿ, "ನನಗೂ ಸಾಕಾಗಿತ್ತು ಕಣಮ್ಮ, ಇನ್ನು ನಿಂತು ಫೋಟೋ ತೆಗೀತೀನಿ" ಎಂದರು. ಹೇಳುತ್ತಲೇ ತಮ್ಮ ಗಾಡಿಯ ಕಡೆ ಎರಡು ಸಲ ತಿರುಗಿ ನೋಡಿದರು.

ಬಳೆಯಲ್ಲಿ ಓಟ ಮುಗಿದ ಮೇಲೆ ಒಂದು ರೂಢಿ ಇದೆ. ಟೈರು ತಣ್ಣಗಾಗುವ ಮೊದಲು ಅದರ ಮೈಗೆ ಅಂಗೈ ಇಟ್ಟು ನೋಡುತ್ತಾರೆ: ಒಳ ಅಂಚು, ನಡು, ಹೊರ ಅಂಚು. ನಡು ಮಾತ್ರ ಸುಟ್ಟರೆ ಗಾಳಿ ಹೆಚ್ಚಾಗಿದೆ ಎಂದು, ಹೊರ ಅಂಚು ಸುಟ್ಟರೆ ಚಕ್ರ ವಾಲಿಸಿದ್ದು ಸಾಲದು ಎಂದು ಅರ್ಥ. ಮೂರೂ ಒಂದೇ ಸಮ ಬಿಸಿಯಿದ್ದರೆ ಗಾಡಿಗೆ ಆ ಚಕ್ರ, ಆ ಟೈರು ಮೈಗೆ ಹೊಲಿದ ಹಾಗೆ ಕೂತಿದೆ ಎಂದು. ಈ ಕೆಲಸದಲ್ಲಿ ವಿರೂಪಾಕ್ಷನ ಅಂಗೈಗೆ ಸಮನಿಲ್ಲ. ಇಷ್ಟು ವರ್ಷವೂ ಎಲ್ಲರ ಗಾಡಿಯ ಹತ್ತಿರವೂ ಅವನೇ ಬಗ್ಗಿ, ಮುಟ್ಟಿ, ತೀರ್ಪು ಹೇಳುತ್ತಿದ್ದ. ಕೇಳದಿದ್ದರೂ ಹೇಳುತ್ತಿದ್ದ. ಅವನು ತಂಗಿಯ ಗಾಡಿಯ ಹತ್ತಿರ ಹೋದಾಗ ಬಳೆಯವರೆಲ್ಲ ಹಿಂದೆ ಹೋದರು, ನಾನೂ ಹೋದೆ. ಅವನು ನಾಲ್ಕು ಟೈರನ್ನೂ ಒಂದೊಂದಾಗಿ ಮುಟ್ಟಿದ. ಎಡಗಡೆ ಮುಂದಿನದರ ಮುಂದೆ ಮಂಡಿಯೂರಿ ಕೂತು ಒಳ ಅಂಚಿಗೆ ಅಂಗೈ ಇಟ್ಟ, ನಡುವಿಗೆ ಇಟ್ಟ, ಹೊರ ಅಂಚಿಗೆ ಇಟ್ಟ. ಮತ್ತೆ ಮೊದಲಿನಿಂದ ಇಟ್ಟ. ಅಲ್ಲೇ ಕೂತುಬಿಟ್ಟ.

"ಏನ್ ವಿರೂಪಣ್ಣ, ಹೇಗಿದೆ ಹೇಳು" ಎಂದ ತ್ರ್ಯಂಬಕ.

ವಿರೂಪಾಕ್ಷ ಎದ್ದು, ಮಸಿಯಾದ ಕೈಯನ್ನು ಪಂಚೆಗೆ ಒರೆಸಿಕೊಂಡು ಒಂದು ಹೆಜ್ಜೆ ಪಕ್ಕಕ್ಕೆ ಸರಿದ.

"ನನ್ನ ಯಾಕಪ್ಪ ಕೇಳ್ತೀಯ? ಗಾಡಿ ಅವಳದು, ಅವಳನ್ನ ಕೇಳು."

ದಾಕ್ಷಾಯಿಣಿ ಅಣ್ಣನ ಮುಖ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಬಗ್ಗಿ ತನ್ನ ಅಂಗೈ ಇಟ್ಟಳು. "ಇಲ್ಲಿ, ನಡುವೆ, ಒಂದು ಕೂದಲೆಳೆ ಜಾಸ್ತಿ ಬಿಸಿ ಇದೆ. ಬೆಳಿಗ್ಗೆ ಗಾಳಿ ಇನ್ನೂ ಒಂಚೂರು ಇಳಿಸಬೇಕಾಗಿತ್ತು" ಎಂದಳು. ಬಳೆಯ ಉಳಿದ ಆರು ಮಂದಿಯೂ, ಅವಳ ಅಣ್ಣನೂ, ಅವಳು ಬೆರಳಿಟ್ಟು ತೋರಿಸಿದ ಕಡೆಗೆ ತಲೆಗೆ ತಲೆ ತಾಗುವಂತೆ ಬಗ್ಗಿದರು.